ಪುಟ್ಟಿ ಬಾಯಿ ತೆರೆದ ದಿನ

ಧರ್ಮನ ಮಗಳು ಪುಟ್ಟಿಗೆ ಎರಡು ವರ್ಷ ತುಂಬಿತ್ತು. ಅವಳು ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು, ಅಪ್ಪನ ಚಪ್ಪಲಿಯ ಬಾರು ಅಗಿಯುತ್ತಿದ್ದಳು, ಒಮ್ಮೆ ಜೀಪಿನ ಕೀಲಿಕೈಯನ್ನೂ ರುಚಿ ನೋಡಿದ್ದಳು. ಹಣ್ಣು ಮಾತ್ರ ಮುಟ್ಟುತ್ತಿರಲಿಲ್ಲ. ಬಾಳೆಹಣ್ಣು ಕಂಡರೆ ಸಾಕು, ಎರಡೂ ತುಟಿ ಹೊಲಿಗೆ ಹಾಕಿದಂತೆ ಕೂಡಿಕೊಳ್ಳುತ್ತಿದ್ದವು.

ಇದರಿಂದ ಮನೆಗೇ ಕೇಡು ಬಂದೀತೆಂದು ಧರ್ಮ ಎಣಿಸಿರಲಿಲ್ಲ. ಹಿಂದಿನ ದಿನ ಅವನ ಹೆಂಡತಿ ರಶ್ಮಿತಾ ತನ್ನ ತಾಯಿಗೆ ಮಗಳ ಫೋಟೊ ಕಳಿಸಿದ್ದಳು. ಕುಂದೂರಿನ ವಿಶಾಲಮ್ಮ ಅದನ್ನು ನೋಡಿದವರೇ, "ಮಗು ಒಣಗಿದ ಕಡ್ಡಿ ಆಗ್ಬುಟ್ಟೈತೆ ಕಣೇ! ನಾಳೆ ಬತ್ತೀನಿ. ಎರಡು ತಿಂಗಳು ನಮ್ಮನೇಲಿರ್ಲಿ, ಹಣ್ಣು ಹೆಂಗ್ ತಿನ್ನಲ್ವೋ ನೋಡ್ತೀನಿ" ಎಂದು ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದರು.

ರಶ್ಮಿತಾ ವನಗೂರಿನ ಅಂಗನವಾಡಿ ಟೀಚರ್. ಊರ ಮಕ್ಕಳ ತೂಕ ನೋಡುವವಳ ಮಗುವೇ ತೂಕ ಕಡಿಮೆ ಎಂಬ ಸಂಕಟ ಅವಳಿಗೆ ಮೊದಲೇ ಇತ್ತು. ಆ ದಿನ ಸಕಲೇಶಪುರದಲ್ಲಿ ತರಬೇತಿ ಬೇರೆ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ನಮ್ಮಮ್ಮ ಹಿಡಿದಿದ್ದ ಬಿಡಾಕಿಲ್ಲ ಕಣ್ರೀ. ಅವ್ರು ಬರೋ ಹೊತ್ಗೆ ಇವ್ಳು ಒಂದು ಹಣ್ಣಾದ್ರೂ ತಿನ್ನಂಗ್ ಮಾಡಿ. ಕಣ್ಣಾರೆ ಕಂಡ್ರೆ ಸುಮ್ನೆ ಹೋದ್ರೂ ಹೋದ್ರು."

ಧರ್ಮನ ಜೀಪು ರಿಪೇರಿಗೆ ಹೋಗಿತ್ತು, ಮನೆಯಲ್ಲೇ ಇದ್ದ. ಹೊರಗೆ ಮೋಡ ಕವಿದು ಗುಡ್ಡಗಳು ಬೂದಿ ಮೆತ್ತಿಕೊಂಡಂತಿದ್ದವು. ದಿನವಿಡೀ ಎಸ್ಟೇಟಿನ ಆಳುಗಳನ್ನು ಕಡಿದಾದ ದಾರಿಯಲ್ಲಿ ಹತ್ತಿಸಿ ಇಳಿಸಿ ಸಂಜೆ ಬಂದರೆ, ಜೀಪಿನ ಸದ್ದಿಗೆ "ಅಪ್ಪಾ" ಎಂದು ಬರಿಗಾಲಲ್ಲಿ ಓಡಿಬರುವ ಒಂದು ಜೀವ ಇತ್ತು. ಅತ್ತೆ ಕರೆದೊಯ್ದರೆ ಎರಡು ತಿಂಗಳು ಆ ಸದ್ದಿಗೆ ಯಾರೂ ಓಡಿಬರುವುದಿಲ್ಲ.

ಅವನು ಬಾಳೆಹಣ್ಣು ಸುಲಿಯುವಷ್ಟರಲ್ಲಿ ಪಕ್ಕದ ಮನೆಯ ಭದ್ರಮ್ಮ ಒಂದು ಪರಂಗಿಹಣ್ಣು ಹೊತ್ತು ಬಂದರು. ಬೇರೆಯವರ ಮನೆಯ ಕಷ್ಟದ ವಾಸನೆ ಅವರಿಗೆ ಒಗ್ಗರಣೆಗಿಂತ ಬೇಗ ಬಡಿಯುತ್ತಿತ್ತು.

"ಹಂಗಲ್ಲ ಕಣೋ ಧರ್ಮ. ಮಕ್ಳು ನೋಡಿ ಕಲೀತವೆ. ನೀನು ಅದ್ರ ಮುಂದೆ ಕೂತ್ಕೊಂಡು ಚಪ್ಪರಿಸ್ಕಂಡ್ ತಿನ್ನು."

ಧರ್ಮ ಚಪ್ಪರಿಸಿದ. "ಆ... ಅಮ್! ಆಹಾ!" ಎಂದ. ಪುಟ್ಟಿ ಚಪ್ಪಾಳೆ ತಟ್ಟಿ, "ಇನ್ನೊಂದು" ಎಂದಳು. ಅವನು ಇನ್ನೊಂದು ತಿಂದ. ಅವಳಿಗೆ ಇದು ಕೋತಿ ಆಟಕ್ಕಿಂತ ಚೆನ್ನಾಗಿ ಕಂಡಿತು. ಬಾಳೆಹಣ್ಣಿನ ಚಿಪ್ಪು ಬರಿದಾಗಿ ಅರ್ಧ ಪರಂಗಿಯೂ ಧರ್ಮನ ಹೊಟ್ಟೆ ಸೇರಿತು. ಪುಟ್ಟಿಯ ತುಟಿ ಹೊಲಿಗೆ ಬಿಚ್ಚಲಿಲ್ಲ.

"ಹಂಗಾದ್ರೆ ದೋಸೆ ಒಳಗೆ ಸೇರಿಸು" ಎಂದರು ಭದ್ರಮ್ಮ. ಉಳಿದ ಪರಂಗಿಯನ್ನು ಹಿಸುಕಿ, ಬೆಲ್ಲ ಬೆರೆಸಿ ದೋಸೆಯೊಳಗೆ ಮುಚ್ಚಿಟ್ಟದ್ದಾಯಿತು. ಪುಟ್ಟಿ ಚೆಕ್‌ಪೋಸ್ಟಿನ ಪೊಲೀಸಿನವನಂತೆ ದೋಸೆಯನ್ನು ಪದರ ಪದರ ಬಿಚ್ಚಿ, ಮಾಲು ಹಿಡಿದು, ಅಪ್ಪನ ಅಂಗಿಗೆ ಒರೆಸಿದಳು.

ಅಷ್ಟರಲ್ಲಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದ ಹಳೆಯ ರೈಟರ್ ಶಾಂತಮಲ್ಲಪ್ಪ ಜಗಲಿಯಲ್ಲಿ ಬಂದು ಕೂತಿದ್ದರು. ನೂರಾರು ಆಳುಗಳನ್ನು ಸಂಭಾಳಿಸಿದವರಿಗೆ ಒಂದು ಮಗು ಯಾವ ಲೆಕ್ಕ?

"ನಿಮ್ದೆಲ್ಲ ತಪ್ಪು ಮಾರಾಯ. ತಿನ್ನು ಅಂದ್ರೆ ಯಾರೂ ತಿನ್ನಲ್ಲ. ಮುಟ್ಬೇಡ ಅನ್ನು. ಆಗ್ ನೋಡು, ಕಿತ್ಕೊಂಡ್ ತಿಂತದೆ."

ಧರ್ಮ ಒಂದು ಕಿತ್ತಳೆ ಸುಲಿದು ಎದೆಗವಚಿಕೊಂಡು ಗುಡುಗಿದ: "ಇದು ಅಪ್ಪಂದು! ಯಾರೂ ಮುಟ್ಬಾರ್ದು!"

ಹುಟ್ಟಿದಾಗಿನಿಂದ ಒಂದು ಮಾತೂ ಕೇಳದ ಮಗಳು ಅಂದು ಮೊದಲ ಬಾರಿಗೆ ಅಪ್ಪನ ಮಾತು ಕೇಳಿದಳು. "ಅಪ್ಪಂದು" ಎಂದು ಒಪ್ಪಿಕೊಂಡು, ಬುಟ್ಟಿಯಲ್ಲಿ ಉಳಿದಿದ್ದ ಕಿತ್ತಳೆಗಳನ್ನೂ ಒಂದೊಂದಾಗಿ ತಂದು ಅವನ ಮಡಿಲಿಗೆ ಹಾಕಿದಳು. ಮಗುವಿನ ಮನಸ್ಸು ಮುರಿಯಬಾರದೆಂದು ಶಾಂತಮಲ್ಲಪ್ಪ ಹೇಳಿದ್ದರಿಂದ ಧರ್ಮ ಅವನ್ನೂ ತಿನ್ನಬೇಕಾಯಿತು. ಹೊಟ್ಟೆ ಈಗ ಏರು ಹತ್ತುವ ಹಳೇ ಜೀಪಿನಂತೆ ಗುಡುಗುಡು ಅನ್ನತೊಡಗಿತ್ತು.

ಮಧ್ಯಾಹ್ನ ತಿರುಗಿತು. ಕುಂದೂರಿನ ಕಡೆಯಿಂದ ಬರುವವರ ಬಸ್ಸಿಗೆ ಹೊತ್ತಾಯಿತು.

"ಮರದಿಂದ ಕಣ್ಣೆದುರೇ ಕಿತ್ಕೊಟ್ರೆ ತಿಂತಾವೆ" ಎಂದರು ಭದ್ರಮ್ಮ, ಕೊನೆಯ ಮದ್ದು ಹೇಳುವ ಪಂಡಿತರ ದನಿಯಲ್ಲಿ. ಅವರ ಹಿತ್ತಲಲ್ಲಿ ಸೀಬೆಮರವಿತ್ತು, ಅದರ ಬುಡದಲ್ಲಿ ಅವರ ತಿಪ್ಪೆಯಿತ್ತು. ಧರ್ಮ ಹತ್ತಿದ. ಒಳಗೆ ಅಷ್ಟು ಹಣ್ಣಿನ ಭಾರ ಹೊತ್ತವನು ಹತ್ತಬಾರದಿತ್ತು. "ಆ ಕಡೆಗೆ ಕಾಲಿಡು" ಎಂದು ಶಾಂತಮಲ್ಲಪ್ಪ, "ಈ ಕಡೆಗೆ" ಎಂದು ಭದ್ರಮ್ಮ. ಇಬ್ಬರ ಮಾತಿಗೂ ಮರ್ಯಾದೆ ಕೊಡಲು ಹೋಗಿ, ಪಾಚಿ ಹಿಡಿದ ಕೊಂಬೆಯಿಂದ ಜಾರಿ, ನಾಲ್ಕಾರು ಸೀಬೆಹಣ್ಣಿನ ಸಮೇತ ತಿಪ್ಪೆಯಲ್ಲಿ ಕೂತುಬಿಟ್ಟ.

ಎಲುಬೇನೂ ಮುರಿಯಲಿಲ್ಲ. ಆದರೆ ಎದ್ದೇಳುವ ಮನಸ್ಸೇ ಆಗಲಿಲ್ಲ. ಅತ್ತೆ ಬರುತ್ತಾರೆ, ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಅಷ್ಟೆ. ಸೆಗಣಿ ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತವನ ಕಣ್ಣಲ್ಲಿ ನೀರಾಡಿತು.

ಪುಟ್ಟಿ ಹತ್ತಿರ ಬಂದಳು. ಅಪ್ಪನ ಮುಖವನ್ನು ಬಗ್ಗಿ ನೋಡಿದಳು. ಹುಲ್ಲಿನ ಮೇಲೆ ಬಿದ್ದಿದ್ದ ಒಂದು ಸೀಬೆಹಣ್ಣು ಎತ್ತಿ ಅವನ ಬಾಯಿಗೆ ಹಿಡಿದಳು.

"ಅಪ್ಪ, ತಿನ್ನು."

ಹಣ್ಣು ಎಂದರೇ ಅವನಿಗೆ ಓಕರಿಕೆ ಬಂತು. ತುಟಿ ಬಿಗಿಹಿಡಿದು ಮುಖ ತಿರುಗಿಸಿ, "ಬೇಡ ಮಗಳೇ, ಬೇಡ" ಎಂದ.

ಪುಟ್ಟಿ ಸೊಂಟದ ಮೇಲೆ ಕೈಯಿಟ್ಟಳು. ಹಟ ಮಾಡುವ ಅಪ್ಪನಿಗೆ ಹೇಗೆ ಕಲಿಸಬೇಕೆಂದು ಅವಳಿಗೆ ಗೊತ್ತಿತ್ತು. ಅವನೆದುರು ಕುಕ್ಕರುಗಾಲಲ್ಲಿ ಕೂತು, ಬಾಯಿ ಅಗಲಿಸಿ, "ಆ... ಅಮ್!" ಎಂದು ತಾನೇ ಕಚ್ಚಿದಳು. ಅಗಿದಳು. ನುಂಗಿದಳು. "ಆಹಾ!" ಎಂದಳು. ಮತ್ತೆ ಅವನಿಗೆ ಹಿಡಿದಳು. ಅವನು ಉಸಿರು ಬಿಗಿಹಿಡಿದು ಮತ್ತೆ "ಬೇಡ" ಎಂದ. ಅವಳು ಮತ್ತೆ ಕಚ್ಚಿದಳು. ಹೀಗೆ ಒಂದು ಸೀಬೆ ಮುಗಿದು ಎರಡನೆಯದಕ್ಕೆ ಕೈ ಹಾಕುವಾಗ ಬೇಲಿಯಾಚೆಯಿಂದ ದನಿ ಬಂತು.

"ಅಯ್ ಶಿವನೇ! ನನ್ ಕಣ್ಣೇ ನಂಬಕಾಯ್ತಿಲ್ವಲ್ಲ!"

ವಿಶಾಲಮ್ಮ ಕೈಚೀಲ ಕೆಳಗಿಟ್ಟು ಮೊಮ್ಮಗಳನ್ನೇ ನೋಡುತ್ತ ನಿಂತಿದ್ದರು. ಧರ್ಮ ತಿಪ್ಪೆಯಲ್ಲಿ ಕೂತಿದ್ದಂತೆಯೇ ಗೆದ್ದವನ ನಗೆ ನಕ್ಕ.

"ನೋಡಿದ್ರಾ ಅತ್ತೆ? ಎಷ್ಟ್ ಚೆನ್ನಾಗ್ ತಿಂತಾಳೆ! ಇನ್ನು ನಿಮ್ಗೇನೂ ಚಿಂತೆ ಬ್ಯಾಡ."

"ಇಲ್ಲ ಕಣಪ್ಪ, ಚಿಂತೆಯೆಲ್ಲ ಹೋಗ್ಬುಡ್ತು" ಎಂದರು ವಿಶಾಲಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನಿಜ ಹೇಳ್ಬೇಕಂದ್ರೆ ಬಸ್ಸಲ್ಲಿ ಕೂತ್ಮೇಲೆ ನಂಗೇ ದಿಗಿಲಾಗಿತ್ತು. ಏನೂ ತಿನ್ನದ ಮಗೀನ ಕರ್ಕೊಂಡೋಗಿ, ಅದು ನಮ್ಮನೇಲಿ ಇನ್ನೂ ಸೊರಗಿದ್ರೆ ಯಾರ ತಲೆಗ್ ಬತ್ತದೆ? ಬ್ಯಾಡಪ್ಪ, ಮುಖ ನೋಡ್ಕಂಡು ಮುಂದಿನ ಬಸ್ಸಿಗೇ ಬರಿಗೈಲಿ ಬಂದ್ಬುಡನ ಅಂತಲೇ ಹೊಂಟಿದ್ದೆ. ಈಗಿನ್ನೇನು ಭಯ? ಇಷ್ಟ್ ಚೆನ್ನಾಗ್ ತಿನ್ನೋ ಮಗೀನ ಸಾಕದೇನ್ ಕಷ್ಟವಾ? ಅದರ ಬಟ್ಟೆ ಎಲ್ಲವೆ?"

ಭದ್ರಮ್ಮ ಓಡಿಹೋಗಿ ಬಟ್ಟೆ ತುಂಬಿಕೊಟ್ಟರು. ಶಾಂತಮಲ್ಲಪ್ಪ ಚೀಲ ಹೊತ್ತು ಬಸ್ಸಿನವರೆಗೂ ನಡೆದರು. ಧರ್ಮ ಕೈಕಾಲು ತೊಳೆದು ಬರುವಷ್ಟರಲ್ಲಿ ಪುಟ್ಟಿ ಅಜ್ಜಿಯ ಮಡಿಲಲ್ಲಿ ಕೂತು, ಕಿಟಕಿಯಿಂದ ಎರಡು ಕೈಯಲ್ಲೂ ಟಾಟಾ ಮಾಡುತ್ತಿದ್ದಳು. ಬಸ್ಸು ತಿರುವಿನಲ್ಲಿ ಮಂಜಿನೊಳಗೆ ಹೋಯಿತು.

ಸಂಜೆ ಬಂದ ರಶ್ಮಿತಾ ಬಾಗಿಲಲ್ಲೇ ಕೇಳಿದಳು: "ಏನಾಯ್ತ್ರೀ? ತಿಂದ್ಲಾ?"

"ತಿಂದ್ಲು" ಎಂದ ಧರ್ಮ. "ಅದಕ್ಕೇ ಅತ್ತೆ ಕರ್ಕೊಂಡೋದ್ರು." ಅವಳು ಒಳಗೆಲ್ಲ ಒಂದು ಸುತ್ತು ಹುಡುಕಿ ಬಂದು, ಅವನ ಪಕ್ಕದಲ್ಲಿ ಕೂತಳು.

ದೀಪ ಹಚ್ಚುವ ಹೊತ್ತಿಗೆ ಕುಂದೂರಿನಿಂದ ವಿಡಿಯೊ ಫೋನು ಬಂತು. ತೆರೆಯ ತುಂಬ ವಿಶಾಲಮ್ಮನ ಗಾಬರಿ.

"ಅಳಿಯಂದ್ರೇ, ಇವ್ಳು ಇಲ್ಲಿ ಬಾಯೇ ಬಿಡ್ತಿಲ್ಲ! ಅಪ್ಪಂಗೆ ಮೊದ್ಲು ಅಂತ ಒಂದೇ ಹಟ. ಒಂದ್ಸಲ ಆ ಅನ್ನಿ ನೋಡನ. ದಿನಾ ಮೂರ್ ಹೊತ್ತೂ ಇದೇ ಕೆಲ್ಸ ಆದ್ರೂ ಚಿಂತಿಲ್ಲ, ಫೋನ್ ಮಾಡ್ತೀನಿ."

ಪಕ್ಕದಿಂದ ಒಂದು ಪುಟ್ಟ ಕೈ ಬಂತು. ಸಪೋಟದ ಒಂದು ತುಂಡು ತೆರೆಯನ್ನೆಲ್ಲ ಮುಚ್ಚುವಷ್ಟು ಹತ್ತಿರ ಬಂದು ನಿಂತಿತು.

"ಅಪ್ಪ, ಆ..."

ಧರ್ಮ ಕತ್ತಲಾಗುತ್ತಿದ್ದ ಜಗಲಿಯಲ್ಲಿ ಫೋನಿಗೆ ಮುಖ ಕೊಟ್ಟು, ಬಾಯಿ ಅಗಲವಾಗಿ ತೆರೆದ.