ಮಗ್ಗದ ಗುಂಡಿಗಳ ವಿಮಾನ

ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಸ್ಟಾರ್ಟರ್ ಸ್ವಿಚ್ಚು ರಿಪೇರಿ ಮಾಡುವ ನನ್ನಂಥವನ ಹತ್ತಿರ ಜನ ಏನೇನೋ ತರುತ್ತಾರೆ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಒಮ್ಮೆ ಮದುವೆ ಮಂಟಪದ ದೀಪದ ಕಮಾನು. ನಮ್ಮ ಜಾಬರ್ ಮಾಮಾ ಮಾತ್ರ ವಿಮಾನ ತಂದರು.

ಎಂಬತ್ತರ ದಶಕದ ಕೊನೆ. ಮಾಮಾ ದುಡಿಯುವ ಮಗ್ಗದ ಶೆಡ್ಡಿನ ಮಾಳಿಗೆಯ ಆಫೀಸಿಗೆ ಮಾಲೀಕ ಶೇಟಜಿ ಕಂಪ್ಯೂಟರ್ ತರಿಸಿದ್ದರು. ಅದರಲ್ಲಿ ವಿಮಾನ ಹಾರಿಸುವ ಆಟವೂ ಇತ್ತು. ಕೆಳಗೆ ಜಾಬರ್ ಆಗಿ ಕೆಟ್ಟ ಮಗ್ಗ ಸರಿಮಾಡುವ ಮಾಮಾ, ಚಿಕ್ಕವರಿದ್ದಾಗ ತಮ್ಮೂರು ಮಹಾಗಾಂವದ ಮಾಳದಲ್ಲಿ ಕುರಿ ಬಿಟ್ಟು, ಅಂಗಾತ ಮಲಗಿ, ಮೋಡದೊಳಗೆ ಹೋಗುವ ವಿಮಾನ ನೋಡುತ್ತಿದ್ದವರು.

"ಒಮ್ಮೆ ನಾನ ಏರಿಸಿ ನಾನ ಇಳಸ್ಬೇಕು ನೋಡಪಾ, ನಿಮ್ಮ ಮಾಮೀನ ಹಿಂದ ಕುಂಡ್ರಿಸ್ಕೊಂಡು. ಆದ್ರ ಆ ಸಣ್ಣ ಸಣ್ಣ ಅಕ್ಷರ ನನ್ನ ಬೆರಳಿಗೆ ಸಿಗೂದಿಲ್ಲ," ಅಂದರು.

ಶೇಟಜಿ ಒಂದು ಮುರಿದ ಕೀಬೋರ್ಡ್ ಕೊಟ್ಟರು. ಯಾವ ಅಕ್ಷರ ಒತ್ತಿದರೆಂದು ಕಂಪ್ಯೂಟರಿಗೆ ತಿಳಿಸುವ ಎನ್‌ಕೋಡರ್ ಹಲಗೆ ಅದರೊಳಗೆ ನೆಟ್ಟಗಿತ್ತು. ಅದಕ್ಕೆ ತಂತಿ ಬೆಸೆದು ಮಗ್ಗ ಚಾಲೂ-ಬಂದ್ ಮಾಡುವ ದಪ್ಪ ಗುಂಡಿಗಳನ್ನು ಜೋಡಿಸಿದೆ. ಏರಲು ಹಸಿರು, ಇಳಿಯಲು ಕೆಂಪು.

ಮೂಗಿನ ತುರಿಕೆ

ವಿಮಾನ ಏಳಲೇ ಇಲ್ಲ. ಯಾರೂ ಮುಟ್ಟದಿದ್ದರೂ ಮೂಗು ಕೆಳಗೆ ಮಾಡಿ ನೆಲಕ್ಕೆ ಬೀಳುತ್ತಿತ್ತು. ಮಾಮಾ ದೃಷ್ಟಿಯೆಂದು ನಿಂಬೆಹಣ್ಣು ಕಟ್ಟಿದರು. ಆಮೇಲೆ ನನಗೆ ಹೊಳೆಯಿತು. ಮಗ್ಗದ ಕೆಂಪು ಗುಂಡಿಯ ಸ್ವಭಾವವೇ ತಿರುಗುಮುರುಗು: ಸುಮ್ಮನಿದ್ದಾಗ ತಂತಿ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ. ಅಂದರೆ ನಾವು ಇಡೀ ಹೊತ್ತು 'ಇಳಿ, ಇಳಿ' ಅನ್ನುತ್ತಿದ್ದೆವು.

ಬೇರೆ ಗುಂಡಿ ತರುವ ತನಕ ಮಾಮಾಗೆ ತಾಳ್ಮೆಯಿರಲಿಲ್ಲ. ಹೆಬ್ಬೆರಳಿನಿಂದ ಕೆಂಪು ಅದುಮಿ ಹಿಡಿದು ಹಾರಿಸಿಯೇ ಬಿಟ್ಟರು. ಪರದೆಯ ಮೇಲೆ ಇದ್ದದ್ದು ಬರೀ ಹಸಿರು ಗೆರೆಗಳು. ಅವರಿಗೆ ಅದರಲ್ಲಿ ಕಬ್ಬಿನ ಹೊಲ, ಹಿರಣ್ಯಕೇಶಿ ನದಿ, ತಮ್ಮ ಕುರಿಹಿಂಡು ಎಲ್ಲ ಕಂಡವು. "ಎಷ್ಟ್ ಚಂದ ಕಾಣ್ತೈತಿ ನಮ್ಮೂರು," ಎಂದು ಪರದೆಯ ಹತ್ತಿರಕ್ಕೆ ಬಾಗಿದರು.

ಅಷ್ಟರಲ್ಲಿ ಅವರಿಗೆ ಮೂಗು ತುರಿಸಿತು. ವಿಮಾನ ಬಿತ್ತು.

ಕೈಚಕ್ರ

ರಿಪೇರಿಯಾದ ಮಗ್ಗವನ್ನು ಅದರ ಚಕ್ರ ಹಿಡಿದು ಒಮ್ಮೆ ಕೈಯಿಂದ ತಿರುಗಿಸಿ ನೋಡದೆ ಯಾವ ಜಾಬರನೂ ಚಾಲೂ ಮಾಡುವುದಿಲ್ಲ. ವಿಮಾನಕ್ಕೂ ಹಾಗೇ ಆಗಬೇಕೆಂದು ಮಾಮಾ ಹಟ ಹಿಡಿದರು. ಕೆಂಪು ಗುಂಡಿ ಬದಲಿಸುವಾಗಲೇ ಹಳೇ ಮಗ್ಗದ ಚಕ್ರವೊಂದನ್ನೂ ಮೇಜಿಗೆ ಬಿಗಿದುಕೊಟ್ಟೆ. ಅದನ್ನು ತಿರುಗಿಸಿದ ಮೇಲೆಯೇ ಹಸಿರು ಗುಂಡಿ.

ಶೇಟಜಿ ಬಂದು ನೋಡಿದರು. "ಹೇ ಚಾಕ್ ಕಶಾಲಾ?" ಎಂದು ಮರಾಠಿಯಲ್ಲಿ ಕೇಳಿದರು. ಈ ಚಕ್ರ ಯಾಕೆ ಅಂತ.

"ಇದಕ್ಕ ವಾಯರ ಇಲ್ರಿ ಶೇಟಜಿ," ಅಂದರು ಮಾಮಾ. "ಇಡೀ ವಿಮಾನದಾಗ ಎಂದೂ ಕೆಡಲಾರದ್ದು ಇದೊಂದರೀ."

ಇಳಿದವರು ಯಾರು

ಕೊನೆಗೆ ಮಾಮಾನ ರಜೆಯ ದಿನ ಮಾಮಿ ಬಂದರು. ಹಿಂದಿನ ಸ್ಟೂಲಿನ ಮೇಲೆ ರೊಟ್ಟಿಗಂಟು ತೊಡೆಯಲ್ಲಿಟ್ಟುಕೊಂಡು ಕೂತರು. ವಿಮಾನ ಬೆಣ್ಣೆಯ ಹಾಗೆ ಏರಿತು. ಕೆಳಗಿನ ಮಗ್ಗಗಳ ಸದ್ದೇ ಅದರ ಇಂಜಿನ್ನಿನ ಸದ್ದಾಯಿತು. ದೂರದಲ್ಲಿ ಇಳಿಯುವ ಪಟ್ಟಿ ಕಂಡಿತು. ಇಷ್ಟು ವರ್ಷ ಕಾದ ಗಳಿಗೆ ಅದು.

ಆಗ ಕೆಳಗೆ ಒಂದು ಮಗ್ಗದ ತಾಳ ತಪ್ಪಿತು. ನನಗೆ ಕೇಳಲೂ ಇಲ್ಲ. ಮಾಮಾನ ಕಿವಿ ನೆಟ್ಟಗಾಯಿತು.

"ನಮ್ಮ ಕಡೇ ಸಾಲಿಂದು ಅದು. ಈಗ ಬಂದ್ನಿ, ಹಿಡಕೋ," ಎಂದು ಮಾಮಿಗೆ ಹೇಳಿ ಮೆಟ್ಟಿಲಿಳಿದು ಓಡಿದರು.

ಮಾಮಿ ಗಂಟು ನನ್ನ ಕೈಗೆ ಕೊಟ್ಟು ಮುಂದೆ ಕೂತರು. ದಿನವಿಡೀ ಕಂಡಿಕೆಗೆ ನೂಲು ಸುತ್ತುವ ಹಗುರ ಕೈ. ಕೆಂಪು ಒಂಚೂರು, ಹಸಿರು ಒಂಚೂರು, ಮತ್ತೆ ಕೆಂಪು. ವಿಮಾನ ಕುಲುಕದೆ ನೆಲ ಮುಟ್ಟಿ ನಿಂತಿತು.

ಕೈಗೆ ಎಣ್ಣೆ ಮೆತ್ತಿಕೊಂಡು ಬಂದ ಮಾಮಾ ಪರದೆ ನೋಡಿದರು. "ಇಳಿಸೇಬಿಟ್ಟಿ? ನಾ ಇಲ್ಲದ?" ಮುಖ ಪೂರ್ತಿ ಬಾಡಿತ್ತು.

"ನಡು ಆಕಾಶದಾಗ ಇಳದು ಹೋದವ್ರು ನೀವರಿ," ಅಂದರು ಮಾಮಿ. "ನಾ ನೆಲಾ ಬಂದ ಮ್ಯಾಲ ಇಳಸೇನಿ."

ಮಾಮಾ ನನ್ನಿಂದ ರೊಟ್ಟಿಗಂಟು ಇಸಿದುಕೊಂಡು ಹಿಂದಿನ ಸ್ಟೂಲಿನ ಮೇಲೆ ಕೂತರು.

"ನಡೀ ಹಂಗಾರ, ಮಹಾಗಾಂವಕ್ಕ."

ಮಾಮಿ ಕೈಚಕ್ರ ತಿರುಗಿಸುತ್ತ, ಹಿಂದೆ ನೋಡದೆಯೇ ಅಂದರು: "ಈ ಸಲ ಇಳಿಯೂದಿದ್ರ ಮೊದಲ ಹೇಳ್ರಿ, ನಿಂದರಸ್ತೇನಿ."