ಸಾವ್ಕಾರ್ರ ಕಾರಿನ ಬ್ರೇಕ್ ಸವೆದ ಕಥೆ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಒಂದು ಕಾರ್ ಸರ್ವಿಸ್ ಸೆಂಟರ್ ಇದೆ. ಅಲ್ಲಿ ನನಗೆ ಕೆಲಸ. ಬಂದವರ ದೂರು ಬರೆದುಕೊಳ್ಳಬೇಕು, ಗಾಡಿ ಓಡಿಸಿ ನೋಡಬೇಕು, ಆಮೇಲೆ ಏನಾಗಿದೆ ಅಂತ ಅವರಿಗೆ ಬೇಜಾರಾಗದ ಹಾಗೆ ಹೇಳಬೇಕು. ಈ ಹೇಳುವ ಕೆಲಸದಲ್ಲೇ ದಿನಕ್ಕೊಂದು ತಮಾಷೆ ನಡೆಯುತ್ತದೆ. ಗಾಡಿ ಕೆಟ್ಟಿದೆ ಅಂದರೆ ಎಲ್ಲರೂ ನಂಬುತ್ತಾರೆ, ನೀವು ಓಡಿಸೋದು ಸರಿಯಿಲ್ಲ ಅಂದರೆ ಒಬ್ಬರೂ ನಂಬುವುದಿಲ್ಲ. ಹೇಳುವವಳು ಹೆಂಗಸಾದರಂತೂ, ಮೇಸ್ತ್ರಿ ಎಲ್ಲಿದಾನೆ ಅಂತ ನನ್ನ ಹೆಗಲ ಮೇಲಿಂದ ಇಣುಕುತ್ತಾರೆ.

ಮಂಡಕ್ಕಿ ಹುರಿಯುವ ಭಟ್ಟಿಯ ಸಾವ್ಕಾರ್ರೊಬ್ಬರ ಗಾಡಿ ಮಾತ್ರ ಹೆಚ್ಚುಕಮ್ಮಿ ಒಂದು ವರ್ಷ ನನ್ನನ್ನು ನಗಿಸಿತು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ತಗೊಂಡಿದ್ದು ಮಾತ್ರ ಕೆಂಪು ಸ್ಪೋರ್ಟ್ ಸೆಡಾನ್. ನೆಲಕ್ಕೆ ಅಂಟಿಕೊಂಡಂತಿರುವ, ಕಾಲು ಸೋಕಿದರೆ ಹಾರುವ ಗಾಡಿ. ಷೋರೂಮಿನವರು ಮೊದಲು ಎತ್ತರದ ಗಾಡಿ ತೋರಿಸಿದ್ದರಂತೆ. ಹತ್ತಿ ಇಳಿಯೋಕೆ ಮೊಣಕಾಲು ನೋಯುತ್ತೆ ಅಂತ ಇವರು ಇದನ್ನು ಆರಿಸಿದರಂತೆ.

೧. ಎಡಗಾಲು

ಎಂಟು ಸಾವಿರ ಕಿಲೋಮೀಟರಿಗೇ ಅವರ ಮುಂದಿನ ಬ್ರೇಕ್ ಪ್ಯಾಡ್ ಹಪ್ಪಳದಷ್ಟು ತೆಳ್ಳಗಾಗಿತ್ತು. ನಾನು ಸ್ಪೀಡು ನಲವತ್ತು ದಾಟಿಸಿದವನೇ ಅಲ್ಲ, ಕಂಪನಿಯವರೇ ಕಳಪೆ ಮಾಲು ಹಾಕಿದಾರೆ ಅಂತ ಅವರ ವಾದ. ಪಕ್ಕದಲ್ಲಿ ಕೂತು ಆವರಗೆರೆವರೆಗೆ ಹೋಗಿ ಬಂದೆ. ನಲವತ್ತು ದಾಟಲಿಲ್ಲ, ಅದು ನಿಜ. ದಾಟೋದಾದರೂ ಹೇಗೆ? ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತುತ್ತಿದ್ದರು, ಎಡಗಾಲಲ್ಲಿ ಬ್ರೇಕ್ ಒತ್ತುತ್ತಿದ್ದರು, ಎರಡೂ ಒಟ್ಟಿಗೆ. ಮೂವತ್ತು ವರ್ಷ ಕ್ಲಚ್ ಮೇಲೆ ಕಾಲಿಟ್ಟು ಅಭ್ಯಾಸವಾದವರು, ಇದು ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್. ಹಿಂದಿನ ಕೆಂಪು ದೀಪ ದಾರಿಯುದ್ದಕ್ಕೂ ಆರಲಿಲ್ಲ. ಹಿಂದೆ ಬಂದ ಲಾರಿಯವನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಹೊಸ ಗಾಡಿ ನೋಡಿ ಸಲಾಮು ಹೊಡೀತಿದಾನೆ ಅಂತ ಸಾವ್ಕಾರ್ರು ಖುಷಿಪಟ್ಟರು.

ಈ ಗಾಡಿಗೆ ಎಡಗಾಲು ಬೇಕಾಗಿಲ್ಲ, ಸುಮ್ಮನೆ ಪಕ್ಕಕ್ಕೆ ಇಟ್ಟುಬಿಡಿ ಅಂದೆ. ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ.

"ನಮ್ಮ ಭಟ್ಟೀಲಿ ಯಾರನ್ನೂ ಸುಮ್ನೆ ಕೂರ್ಸಿಲ್ರಿ," ಅಂದರು.

೨. ಟೈರ್ ನೋಡುವ ಶಾಸ್ತ್ರ

ಮುಂದೊಂದು ದಿನ ಗುತ್ತೂರಿನ ಹತ್ತಿರ ಗುಂಡಿಗೆ ಇಳಿಸಿ ಒಂದು ಟೈರಿನ ಪಕ್ಕ ಬೋರೆಹಣ್ಣಿನಂತೆ ಊದಿಸಿಕೊಂಡು ಬಂದರು. ಜೊತೆಯಲ್ಲಿ ಅವರ ಮನೆಯವರೂ ಇದ್ದರು. ಇಳಕಲ್ ಸೀರೆ, ಕೈಯಲ್ಲೊಂದು ಚೀಲ, ಮಾತು ಬಹಳ ಕಡಿಮೆ.

ಉಳಿದ ಟೈರುಗಳೂ ಸವೆದಿದ್ದರಿಂದ ನಾಲ್ಕನ್ನೂ ಬದಲಾಯಿಸೋಣ ಅಂದೆ. ಎರಡು ಥರ ಇವೆ, ಮೆತ್ತನೆ ರಬ್ಬರಿನದು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ ಆದರೆ ಬೇಗ ಸವೆಯುತ್ತದೆ, ಗಟ್ಟಿ ರಬ್ಬರಿನದು ಬಾಳಿಕೆ ಬರುತ್ತದೆ ಆದರೆ ಮಳೆಯಲ್ಲಿ ಅಷ್ಟು ಹಿಡಿತವಿಲ್ಲ ಅಂತ ಬಿಡಿಸಿ ಹೇಳಿದೆ. ಸಾವ್ಕಾರ್ರಿಗೆ ಎರಡೂ ಬೇಕಿತ್ತು. ಮೆತ್ತಗಿರಬೇಕು, ಸವೀಬಾರದು, ಸದ್ದು ಮಾಡಬಾರದು, ಗುಂಡಿಗೆ ಬಿದ್ದರೂ ತಡೀಬೇಕು, ನೋಡೋಕೆ ದಪ್ಪಗೆ ಲಕ್ಷಣವಾಗಿರಬೇಕು. ಒಂದು ಗಂಟೆ ಟೈರುಗಳನ್ನು ಬೆರಳಿಂದ ಒತ್ತಿ ನೋಡಿದರು, ಒಂದನ್ನು ಮೂಸಿಯೂ ನೋಡಿದರು.

ಮೂಲೆಯಲ್ಲಿ ಕೂತಿದ್ದ ಅವರ ಹೆಂಡತಿ ಆಗ ಬಾಯಿಬಿಟ್ಟರು.

"ಮಗಳಿಗೆ ಗಂಡು ನೋಡೋವಾಗ ಇದ್ರಾಗೆ ಅರ್ಧ ಕೇಳಿದ್ರೂ ಸಾಕಿತ್ತು."

೩. ಬಾಣದ ಗುರುತು

ಒಂದೆರಡು ತಿಂಗಳಲ್ಲಿ ಸಾವ್ಕಾರ್ರು ಮತ್ತೆ ಬಂದರು. ಗಾಡಿ ಗುಯ್ಯ್ ಅಂತ ಸದ್ದು ಮಾಡ್ತೈತೆ ಅಂದರು. ಹರಿಹರದ ಪರಿಚಯದವನೊಬ್ಬನ ಹತ್ತಿರ ಪಂಕ್ಚರ್ ಹಾಕಿಸಿ, ಹಾಗೇ ನಾಲ್ಕೂ ಟೈರು ಬಿಚ್ಚಿಸಿ ಅದಲುಬದಲು ಮಾಡಿಸಿದ್ದರಂತೆ. ಬಗ್ಗಿ ನೋಡಿದೆ. ಅವರು ಕೊನೆಗೆ ಆರಿಸಿದ್ದ ಜಾತಿಯ ಟೈರಿನ ಮೇಲೆ ಒಂದು ಬಾಣದ ಗುರುತು ಇರುತ್ತದೆ, ಅದು ಮುಂದಕ್ಕೆ ಉರುಳುವ ಹಾಗೆ ಹಾಕಬೇಕು. ಪುಣ್ಯಾತ್ಮ ನಾಲ್ಕನ್ನೂ ಹಿಂದುಮುಂದು ಮಾಡಿ ಕೂರಿಸಿದ್ದ.

ಈ ಟೈರುಗಳು ಈಗ ಹಿಂದಕ್ಕೆ ಹೋಗೋಕೆ ಹೇಳಿ ಮಾಡಿಸಿದ ಹಾಗಿವೆ ಅಂತ ತೋರಿಸಿದೆ. ಸಿಟ್ಟಾಗುತ್ತಾರೇನೋ ಅಂದುಕೊಂಡರೆ ಅವರ ಮುಖ ಅರಳಿತು. ಭಟ್ಟಿ ಇರುವ ಓಣಿಯಲ್ಲಿ ಗಾಡಿ ತಿರುಗಿಸೋಕೆ ಜಾಗವಿಲ್ಲ, ದಿನಾ ಬೆಳಿಗ್ಗೆ ಹಿಮ್ಮುಖವಾಗಿಯೇ ಹೊರಗೆ ಬರಬೇಕಂತೆ.

"ಅದಕ್ಕೇ ರಿವರ್ಸ್‌ನಾಗೆ ಬಾಳ ಸ್ಮೂತ್ ಐತೆ," ಅಂದರು.

೪. ಭಾನುವಾರ

ಕೊನೆಗೆ ನನ್ನ ಕೆಲಸಕ್ಕೇ ಸಂಚಕಾರ ಬಂತು. ಹೊಸ ಬ್ರೇಕ್ ಪ್ಯಾಡ್ ಹಾಕಿ ವರ್ಷವೂ ಆಗಿರಲಿಲ್ಲ, ಮತ್ತೆ ಖಾಲಿ. ಈ ಸಲ ಟೈರಿನ ಅಂಚುಗಳೂ ಕೆರೆದು ಹೋಗಿದ್ದವು. ಸಾವ್ಕಾರ್ರು ಈಗ ಎಡಗಾಲನ್ನು ಒಳಗೆ ಎಳೆದುಕೊಂಡು, ಶಿಸ್ತಾಗಿ ಓಡಿಸುತ್ತಿದ್ದರು, ನಾನೇ ಪಕ್ಕದಲ್ಲಿ ಕೂತು ನೋಡಿದೆ. ಹಾಗಾದರೆ ನೀವು ಡೂಪ್ಲಿಕೇಟ್ ಪ್ಯಾಡ್ ಹಾಕಿದೀರಿ, ಕಂಪನಿಗೆ ಬರೀತೀನಿ ಅಂದರು. ನಮ್ಮ ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ಸಂಜೆಯೊಳಗೆ ಕಾರಣ ಗೊತ್ತಾಗದಿದ್ದರೆ ಉತ್ತರ ನೀವೇ ಕೊಡಬೇಕಾಗುತ್ತೆ ಅಂದರು.

ಆಗ ನೆನಪಾದದ್ದು ಆ ಗಾಡಿಯ ಆ್ಯಪ್. ಎಷ್ಟು ವೇಗ, ಎಲ್ಲಿ ಜೋರಾಗಿ ಬ್ರೇಕ್ ಹಾಕಿದ್ದು, ಎಲ್ಲ ಅದರಲ್ಲಿ ದಾಖಲಾಗುತ್ತದೆ. ಸಾವ್ಕಾರ್ರ ಮೊಬೈಲಿನಲ್ಲಿ ಅದು ಇತ್ತು, ಒಂದು ಸಲವೂ ತೆರೆದಿರಲಿಲ್ಲ. ತೆರೆದು ಅವರ ಮುಂದೆ ಹಿಡಿದೆ. ಸೋಮವಾರದಿಂದ ಶನಿವಾರ ಮೂವತ್ತೆಂಟು, ನಲವತ್ತು, ಎಲ್ಲ ಹಸಿರು. ಪ್ರತಿ ಭಾನುವಾರ ಮಾತ್ರ ಕೆಂಪು, ನೂರಾ ನಲವತ್ತು.

ಮೊಬೈಲೂ ಕೆಟ್ಟೈತೆ ಅಂದರು ಸಾವ್ಕಾರ್ರು. ಭಾನುವಾರ ತಾವು ಬೆಣ್ಣೆದೋಸೆ ತಿಂದು ಬಂದು ಮಲಗಿದರೆ ಏಳೋದೇ ಮಧ್ಯಾಹ್ನ ಒಂದೂವರೆಗೆ, ಗಾಡಿ ತಗೊಂಡು ಹರಿಹರದ ಗುಡಿಗೆ ಹೋಗಿಬರೋದು ಇವಳು ಅಂತ ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಮೂಲೆಯಲ್ಲಿ ಚೀಲ ಹಿಡಿದು ಕೂತಿದ್ದ ಅವರ ಮನೆಯವರ ಕಡೆ ಇಬ್ಬರೂ ತಿರುಗಿ ನೋಡಿದೆವು. ಆಕೆ ಸೆರಗು ಸರಿಮಾಡಿಕೊಂಡರು. ನನ್ನ ಕೆಲಸ ಉಳಿಯಿತು, ಆದರೆ ಒಂದು ಸಂಸಾರಕ್ಕೆ ಕಲ್ಲು ಹಾಕಿದೆನಲ್ಲ ಅನ್ನಿಸಿತು.

"ನೀವು ಮಲಗೋದೇ ಹನ್ನೆರಡಕ್ಕೆ," ಅಂದರು ಆಕೆ, ನಿಧಾನವಾಗಿ. "ತಡ ಆದ್ರೆ ಗುಡಿ ಬಾಗಿಲು ಹಾಕಿಬಿಡ್ತಾರ್ರೀ."

ಸಾವ್ಕಾರ್ರು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು.

"ಬರೋವಾಗ್ಲೂ ನೂರಾ ನಲವತ್ತು ಐತಲ್ಲ. ಮನೆ ಬಾಗಿಲು ಯಾರು ಹಾಕ್ತಿದ್ರು?"

"ಎದ್ದ ಕೂಡ್ಲೆ ನಿಮಗೆ ಚಾ ಬೇಕಲ್ಲ," ಅಂದರು ಆಕೆ.