ಸೋಮಲಿಂಗಪ್ಪನ ಒಪ್ಪತ್ತು

ತೂಕ ತೊಂಬತ್ತು ಕಿಲೋ ದಾಟಿದರೆ ಬೀದಿ ಬಿಡಿಸಿ ಕುರ್ಚಿಗೆ ಹಾಕುವುದಾಗಿ ಆಫೀಸಿನವರು ಹೇಳಿದಾಗ ಮೀಟರ್ ರೀಡರ್ ಸೋಮಲಿಂಗಪ್ಪ ನಡುಗಿಹೋದ. ಹದಿನಾರು ವರ್ಷ ಜಯನಗರದ ಮನೆಮನೆ ಸುತ್ತಿದವನಿಗೆ ಕುರ್ಚಿಯೆಂದರೆ ಜೈಲು. ಸೋಮವಾರ ಸಂಜೆ ತೂಕ. ಭಾನುವಾರವೇ ಮುಳ್ಳು ಸರಿಯಾಗಿ ತೊಂಬತ್ತರ ಮೇಲೆ ನಿಂತಿತ್ತು.

"ಹಣೆ ಹಿಂದೆ, ಮಿದುಳಲ್ಲಿ ಒಂದು ಬ್ರೇಕ್ ಇದೆ ಕಣ್ರೀ," ಎಂದಿದ್ದರು ಆಫೀಸಿನ ಡಾಕ್ಟರು. "ತಿಂಡಿ ಕಂಡಾಗ ಅದು ಹಿಡೀಬೇಕು. ಹತ್ತು ಸಲ ಬೇಡ ಬೇಡ ಅನ್ನೋ ಹೊತ್ತಿಗೆ ಅದೂ ಸುಸ್ತಾಗತ್ತೆ."

ಹಾಗಾದರೆ ಬ್ರೇಕ್ ಒತ್ತುವುದೇ ಬೇಡ, ಒಂದೇ ಮಾತಿನಲ್ಲಿ ಮುಗಿಸೋಣ! ಸೋಮವಾರ ಬೆಳಿಗ್ಗೆ ಮೊದಲ ಮನೆಯಲ್ಲಿ ಶಿವಬಸಮ್ಮ ಎಂದಿನಂತೆ ಚಿತ್ರಾನ್ನ ತಂದರು.

"ಇವತ್ತು ಸೋಮವಾರ, ಒಪ್ಪತ್ತು ತಾಯಿ," ಎಂದ ಸೋಮಲಿಂಗಪ್ಪ. ತನ್ನ ಬುದ್ಧಿಗೆ ತಾನೇ ಉಬ್ಬಿಹೋದ.

"ಮೊದ್ಲೇ ಹೇಳ್ಬಾರ್ದಾ?" ಚಿತ್ರಾನ್ನ ಒಳಗೆ ಹೋಯಿತು, ಒಗ್ಗರಣೆ ಅವಲಕ್ಕಿ ಹೊರಗೆ ಬಂತು. "ಫಲಾಹಾರ, ನಡೆಯತ್ತೆ ತಿನ್ನಿ."

ವ್ರತದವನು ಫಲಾಹಾರ ಬೇಡವೆನ್ನುವುದು ಹೇಗೆ? ತಿಂದ.

ಸುದ್ದಿ ಕಾಂಪೌಂಡು ಹಾರಿ ಅವನಿಗಿಂತ ಮುಂದೆ ಓಡಿತು. ಪಕ್ಕದ ಮನೆಯ ನೀಲಗಂಗಮ್ಮ ತುಪ್ಪ ಸುರಿದ ಉಪ್ಪಿಟ್ಟು ಹಿಡಿದು ಗೇಟಿನಲ್ಲೇ ಕಾದಿದ್ದರು. "ಒಪ್ಪತ್ತಿದ್ದು ಬಿಸಿಲಲ್ಲಿ ಸುತ್ತೋದಾ ಅಣ್ಣ?" ಅದರಾಚೆ ರಸಾಯನ, ಸಜ್ಜಿಗೆ, ಹಾಲು. ಬ್ರೇಕ್ ಹಿಡಿಯಲೆಂದು ಹಣೆ ಒತ್ತಿಕೊಂಡರೆ, ಪಾಪ ತಲೆಸುತ್ತು ಬಂದಿದೆಯೆಂದು ಇನ್ನೊಂದು ಸೌಟು ಬಿತ್ತು. ಹನ್ನೊಂದನೆಯ ಮನೆಯಲ್ಲಿ ಅವನೇ ಕೇಳಿಬಿಟ್ಟ, "ಇವತ್ತು ಉಪ್ಪಿಟ್ಟು ಮಾಡಿಲ್ವಾಮ್ಮ?"

ಸಂಜೆ ಮುಳ್ಳು ತೊಂಬತ್ತೆರಡು ಮುಟ್ಟಿತು. ಡಾಕ್ಟರು ಚೀಟಿಯಲ್ಲಿ ತೂಕ ಬರೆದು ಸಹಿ ಹಾಕಿದರು. ಚೀಟಿ ಹಿಡಿದು ಮ್ಯಾನೇಜರ್ ಮರುಳಸಿದ್ದಪ್ಪನವರ ಮುಂದೆ ನಿಂತಾಗ ಸೋಮಲಿಂಗಪ್ಪನಿಗೆ ಅಳು ಬರುವುದೊಂದು ಬಾಕಿ.

"ಬೀದಿ ಇನ್ನು ಆಗಲ್ಲ ರೀ," ಎಂದರು ಅವರು. ಆಮೇಲೆ ಎದ್ದುಬಂದು ಅವನ ಕೈ ಕುಲುಕಿದರು. "ಆದ್ರೆ ನಮ್ಮಕ್ಕ ಶಿವಬಸಮ್ಮ ಫೋನ್ ಮಾಡಿದ್ಲು. ಎದುರಿಗಿಟ್ಟ ಚಿತ್ರಾನ್ನ ಮುಟ್ಟಲಿಲ್ವಂತೆ! ನಾಲಿಗೆ ಮೇಲೆ ಇಂಥ ಹಿಡಿತ ಇರೋರನ್ನೇ ಹುಡುಕ್ತಿದ್ದೆ. ನಾಳೆಯಿಂದ ಕ್ಯಾಂಟೀನು ನಿಮ್ಮದು. ಬಡಿಸೋ ಮುಂಚೆ ಪ್ರತಿಯೊಂದನ್ನೂ ನೀವೇ ರುಚಿ ನೋಡ್ಬೇಕು."

ಸೋಮಲಿಂಗಪ್ಪ ಕೊನೆಯ ಬಾಣ ಬಿಟ್ಟ. "ಸಾರ್, ಸೋಮವಾರ ನಂಗೆ ಒಪ್ಪತ್ತು."

"ಗೊತ್ತು ಬಿಡ್ರೀ. ಸೋಮವಾರ ನಿಮಗೋಸ್ಕರ ಉಪ್ಪಿಟ್ಟು ಮಾಡ್ಸೋಣ."